ಥರ್ಮಾಕೋಲ್ ಕಾಡಿನ್ಯಾಗ ಎರಡು ಪೆಂಗ್ವಿನ್

ಮಂಗಳವಾರ ರಾತ್ರಿ ಒಂಬತ್ತೂವರಿ ಸುಮಾರಿಗೆ ಸಾಲಿ ವಾಟ್ಸಾಪ್ ಗ್ರೂಪಿನ್ಯಾಗ ಟಣ್ ಅಂತ ಮೆಸೇಜ್ ಬಿತ್ತು. ಗುರುವಾರ ಸೈನ್ಸ್ ಎಕ್ಸಿಬಿಷನ್ ಅಂತ, ಏಳನೇತ್ತಾ ಹುಡುಗ್ರೆಲ್ಲಾ 'ಪರಿಸರ ವ್ಯವಸ್ಥೆಯಲ್ಲಿ ಜೀವಿಗಳ ಪರಸ್ಪರ ಅವಲಂಬನೆ' ಮ್ಯಾಲ ಮಾಡೆಲ್ ತರಬೇಕಂತ, ಕೆಳಗ ದಪ್ಪ ಅಕ್ಷರದಾಗ 'ಮಕ್ಕಳೇ ಸ್ವತಃ ಮಾಡತಕ್ಕದ್ದು' ಅಂತ ಬ್ಯಾರೆ. ಮಕ್ಕಳನ್ನ ಹಡದವ್ರಿಗೆ ಇದರ ಅರ್ಥ ಗೊತ್ತೈತಿ, ಬುಧವಾರ ಅಪ್ಪ ಹಾಫ್ ಡೇ ರಜಾ ಹಾಕಬೇಕು.

ಹಾಕಿದೆ. ಮಗಳನ್ನ ಗಾಡಿ ಹಿಂದ ಕುಂದ್ರಿಸಿಕೊಂಡು ನಮ್ಮ ಹುಬ್ಬಳ್ಳಿ ದುರ್ಗದ ಬೈಲಿಗೆ ಹೋದ್ರ ಸ್ಟೇಷನರಿ ಅಂಗಡಿ ಮುಂದ ನನ್ನಂಥ ಹತ್ತು ಮಂದಿ ಅಪ್ಪಂದಿರು ನಿಂತಿದ್ರು, ಎಲ್ಲಾರ ಕೈಯಾಗೂ ಅದ ಮೆಸೇಜು. ಅಂಗಡಿಯಾಂವ ತಲಿ ಎತ್ತದ ಕೇಳಿದ, "ಇಕೋ ಸಿಸ್ಟಮ್ಮಾ ಸರ? ಫಾರೆಸ್ಟ್ ಬೇಕೋ ಡೆಸರ್ಟ್ ಬೇಕೋ ಲಗೂ ಹೇಳ್ರಿ, ಫಾರೆಸ್ಟ್ ಒಂದ ಪೀಸ್ ಉಳದೈತಿ."

"ಕೆರಿ ಇಲ್ಲೇನಪಾ?" ಅಂದೆ.

"ಕೆರಿ ಮೂವಿಂಗ್ ಇಲ್ರಿ ಸರ."

ಕಡೀ ಫಾರೆಸ್ಟ್ ತೊಗೊಂಡು ಮನಿಗೆ ಬಂದ್ವಿ. ಬಿಚ್ಚಿ ನೋಡ್ತೀವಿ, ಒಂದು ಥರ್ಮಾಕೋಲ್ ಶೀಟು, ಹಸರ ಬಣ್ಣ ಹಚ್ಚಿದ ಕಟ್ಟಿಗಿ ಹೊಟ್ಟು (ಇದು ಹುಲ್ಲು), ನೀಲಿ ಜಿಲಟಿನ್ ಪೇಪರ್ (ಇದು ನದಿ), ಒಂದು ಪ್ಲಾಸ್ಟಿಕ್ ಚೀಲದಾಗ ಸಿಂಹ, ಜಿರಾಫಿ, ಜೀಬ್ರಾ, ಒಂದು ಡೈನೋಸಾರ್, ಮತ್ತ ಎರಡು ಪೆಂಗ್ವಿನ್. ಹಾವಿಲ್ಲ, ಕಪ್ಪಿ ಇಲ್ಲ, ಹುಳಾ ಅಂತೂ ಕೇಳೂದ ಬ್ಯಾಡ. ಇದರಾಗ ಯಾರು ಯಾರಿಗೆ ಅವಲಂಬನ ಆಗ್ಯಾರ ಅಂತ ನಾ ಇನ್ನೂ ವಿಚಾರ ಮಾಡಕೋತ ಕುಂತಿದ್ದೆ, ಮಗಳು ಕೇಳಿದ್ಲು, "ಪಪ್ಪಾ, ಪೆಂಗ್ವಿನ್ ಎಲ್ಲಿಡ್ಲಿ?" ಫ್ರಿಜ್ ಹಂತ್ಯಾಕ ಇಡವಾ ಅಂದೆ, ನಗಲಿಲ್ಲ, ಅಕಿಗೆ ಮಾರ್ಕ್ಸಿನ ಚಿಂತಿ.

ಅಕಿ ಚಿಂತೀನೂ ಖರೇನ. ಹೋದ ಟೆಸ್ಟಿನ್ಯಾಗ 'ಆಹಾರ ಸರಪಳಿಗೆ ಒಂದು ಉದಾಹರಣೆ ಕೊಡಿ' ಅಂತ ಎರಡು ಮಾರ್ಕಿನ ಪ್ರಶ್ನೆ ಬಂದಿತ್ತು. ನನ್ನ ಹೆಂಡ್ತಿ ತವರಮನಿ ಶಿರಹಟ್ಟಿ ತಾಲೂಕಿನ ಮಾಗಡಿ ಕಡೆ. ಅಲ್ಲಿ ಕೆರಿಗೆ ನವೆಂಬರ್ ಸುಮಾರಿಗೆ ಮಂಗೋಲಿಯಾ, ಟಿಬೆಟ್ ಕಡಿಂದ ಹಿಮಾಲಯ ಹಾರಿ ದಾಟಿ ಪಟ್ಟೆತಲಿ ಹೆಬ್ಬಾತು ಬರ್ತಾವು, ಹಗಲೆಲ್ಲಾ ನೀರಾಗ ತೇಲಿಕೋತ ನಿದ್ದಿ, ಕತ್ತಲಾತಂದ್ರ ಸುತ್ತಲ ಹೊಲಕ್ಕ ಮೇಯಾಕ ಹೊಕ್ಕಾವು. 2024ರಾಗ ಆ ಕೆರಿ ರಾಮ್ಸಾರ್ ಪಟ್ಟಿಗೂ ಸೇರೈತಿ, ಅಂದ್ರ ಇದು ಜಗತ್ತಿಗೇ ಬೇಕಾದ ಕೆರಿ ಅಂತ ಮುದ್ರಿ ಬಿದ್ದಂಗ. ನಮ್ಮ ಹುಡುಗಿ ಸೂಟಿಗೆ ಹೋದಾಗ ಕಣ್ಣಾರೆ ನೋಡಿದ್ದನ್ನ ಬರದಿದ್ಲು: ಕಡ್ಲಿ ಗಿಡಾ ಬಾತು ತಿಂತೈತಿ, ಬಾತು ಹೊಲದಾಗ ಹಿಕ್ಕಿ ಹಾಕತೈತಿ, ಹಿಕ್ಕಿ ಗೊಬ್ಬರಾಗತೈತಿ, ಗೊಬ್ಬರದಾಗ ಮತ್ತ ಕಡ್ಲಿ ಬೆಳಿತೈತಿ, ಮಾಮಾ ಬಾಯಿ ಮಾಡ್ತಾನ ಆದ್ರ ಹೊಡಿಯಂಗಿಲ್ಲ. ಸೊನ್ನಿ! ಪೇರೆಂಟ್ಸ್ ಮೀಟಿಂಗಿನ್ಯಾಗ ಕೇಳಿದ್ರ ಮೇಡಂ ಶಾಂತವಾಗಿ ಹೇಳಿದ್ರು, "ಸರ್, ಆನ್ಸರ್ ಕೀ ಒಳಗ ಹುಲ್ಲು, ಮಿಡತಿ, ಕಪ್ಪಿ, ಹಾವು, ಹದ್ದು ಐತ್ರಿ. ಮತ್ತ ಸರಪಳಿ ಅಂದ್ರ ಸೀದಾ ಹೋಗಬೇಕ್ರಿ, ಹಿಂಗ ಗುಂಡಗ ತಿರುಗಿ ಬರಬಾರ್ದು." ಬಾತಿಗೂ ಮೊದಲ ಆನ್ಸರ್ ಕೀ ಕೊಟ್ಟಿದ್ರ ಅಷ್ಟು ದೂರಿಂದ ಬಂದು ಔಟ್ ಆಫ್ ಸಿಲೆಬಸ್ ಮೇಯೂದು ತಪ್ಪತಿತ್ತು ಅನಸ್ತು.

ನಗಬೇಕೋ ಅಳಬೇಕೋ ಅಂದ್ರ, ಸಾಲಿ ಮೂರನೇ ಮಾಳಗಿ ಖಿಡಕ್ಯಾಗ ನಿಂತ್ರ ಉಣಕಲ್ ಕೆರಿ ಕಾಣತೈತಿ, ನಡುವ ವಿವೇಕಾನಂದರ ಮೂರ್ತಿ ಸಮೇತ. ದಂಡಿಗೆ ಎಮ್ಮಿ ಮೇಯತಾವು, ಒಂದೊಂದು ಎಮ್ಮಿ ಬಾಜೂಕ ಒಂದೊಂದು ಬೆಳ್ಳಕ್ಕಿ, ಸಿಪಾಯಿ ಇಟ್ಟಂಗ. ಎಮ್ಮಿ ಕಾಲೆತ್ತಿ ಇಟ್ಟಲ್ಲೆ ಹುಲ್ಲಾಗಿನ ಮಿಡತಿ ಪುಟಕ್ ಅಂತ ಹಾರತಾವು, ಬೆಳ್ಳಕ್ಕಿ ಕುತ್ತಿಗಿ ಒಂದೀಟು ಅಲ್ಲಾಡಿಸಿ ಗಬಕ್ಕನ ಹಿಡಿತೈತಿ, ಎಮ್ಮಿ ಖಬರೂ ಇಲ್ಲದ ಮತ್ತೊಂದು ಹೆಜ್ಜಿ ಇಡತೈತಿ. ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ಲುಕ್ಸಾನಿಲ್ಲ, ಪುಸ್ತಕದಾಗ ಇದಕ್ಕ ಸಹಭೋಜಕತೆ ಅಂತ ದೊಡ್ಡ ಹೆಸರೈತಿ. ಅದ ಎಮ್ಮಿ ಹಾಲಿಂದ ಪೇಡೆ, ಪೇಡೆ ತಿನ್ನಾವ್ರು ನಾವು, ಅವಲಂಬನ ಅಂದ್ರ ಇದಕಿಂತ ಸಿಹಿ ಉದಾಹರಣಿ ಎಲ್ಲಿ ಸಿಗತೈತಿ ಹೇಳ್ರಿ.

ಹುಡುಗ್ರನ್ನ ಅಲ್ಲಿಗೆ ಕರಕೊಂಡು ಹೋಗ್ರಿ ಅಂತ ನಾನ ಒಮ್ಮೆ ಹೇಳಿದ್ದೆ. ನೀರಂದ್ರ ರಿಸ್ಕು, ಪರ್ಮಿಷನ್ ಬೇಕು, ಬಸ್ ಬೇಕು (ನಡಕೋತ ಹೋದ್ರ ಆರು ನಿಮಿಷದ ಹಾದಿ), ಬೂಟಿಗೆ ರಾಡಿ ಹತ್ತಿದ್ರ ಪೇರೆಂಟ್ಸ್ ಕಂಪ್ಲೇಂಟು, ಅದಕ್ಕ ಸ್ಮಾರ್ಟ್ ಬೋರ್ಡಿನ್ಯಾಗ ಆಫ್ರಿಕಾ ತೋರಿಸಿಬಿಟ್ಟೇವಿ ಅಂದ್ರು. ಸ್ಕ್ರೀನ್ ಮ್ಯಾಲ ಬೆಳಕ ಬೀಳತೈತಿ ಅಂತ ಖಿಡಕಿ ಪರದೆ ಎಳದು ಸಿಂಹ ತೋರಿಸ್ಯಾರ.

ಪಾಠದಾಗ ಹತ್ತು ಪರ್ಸೆಂಟ್ ನಿಯಮ ಅಂತ ಒಂದೈತಿ. ಹುಲ್ಲಿನ್ಯಾಗ ಸಾವಿರ ಪಾಲು ಶಕ್ತಿ ಇದ್ರ ಮಿಡತಿಗೆ ನೂರು, ಕಪ್ಪಿಗೆ ಹತ್ತು, ಹಾವಿಗೆ ಒಂದ ಪಾಲು ಮುಟ್ಟತೈತಿ, ಉಳದದ್ದು ಉಸರಾಡೂದ್ರಾಗ, ಓಡಾಡೂದ್ರಾಗ, ಮೈ ಕಾವಿನ್ಯಾಗ ಖರ್ಚು. ಮಿಡತಿ ರಗಡ ಇದ್ದು ಹಾವು ಕಡಿಮಿ ಇರೂದು ಅದಕ್ಕ. ಈ ಲೆಕ್ಕಕ್ಕ ಮೂಲ ಲಿಂಡೆಮನ್ ಅನ್ನಾಂವ 1942ರಾಗ ಬರದದ್ದು, ಪಾಪ ಅಂವ ಅಮೆರಿಕಾದ ಮಿನೆಸೋಟಾದಾಗ ಒಂದು ಸಣ್ಣ ಕೆರಿ ದಂಡಿಗೆ ವರ್ಷಗಟ್ಟಲೆ ಬೂಟು ರಾಡಿ ಮಾಡಿಕೊಂಡು ಅಭ್ಯಾಸ ಮಾಡಿದ್ದ, ಯಾರ ಪರ್ಮಿಷನ್ ತೊಗೊಂಡಿದ್ನೋ ಏನೋ. ನಮ್ಮ ಮನ್ಯಾಗೂ ಅದ ನಿಯಮ ಹತ್ತತೈತಿ. ನನ್ನ ಕಿಸೇದಿಂದ ಹೊಂಟ ಸಾವಿರ ರೂಪಾಯಿ ಕಿಟ್ಟು, ಗ್ಲೂ ಗನ್ನು, ಕಲರ್ ಪ್ರಿಂಟು ಅಂತ ಒಂದೊಂದ ಮೆಟ್ಟಲಾ ದಾಟಿ ಮಗಳ ತಲಿಗೆ ಮುಟ್ಟೂದ್ರಾಗ ಒಂದ ರೂಪಾಯಿ ಆಗಿತ್ತು.

ಸರಪಳಿ ತುದಿಗಿನ ಹದ್ದು ಇರ್ಲಿ, ಸತ್ತದ್ದನ್ನ ತಿನ್ನೂ ರಣಹದ್ದಿನ ಕಥಿ ಕೇಳ್ರಿ. ನಮ್ಮ ಅಜ್ಜ ಹೇಳ್ತಿದ್ದ, ಊರ ಹೊರಗ ದನಾ ಸತ್ತು ಬಿದ್ರ ಆಕಾಶದಿಂದ ರಣಹದ್ದು ಇಳಿದು ಬರೇ ಎಲುವು ಉಳಸ್ತಿದ್ದುವಂತ. ಮುಂದ ದನಕ್ಕ ನೋವಿಗೆ ಡೈಕ್ಲೋಫೆನಾಕ್ ಚುಚ್ಚೂದು ಶುರು ಆತು, ಆ ದನ ಸತ್ತ ಮ್ಯಾಲ ತಿಂದ ಹದ್ದಿನ ಕಿಡ್ನಿ ಹೋದುವು, ಬಿಳಿಬೆನ್ನಿನ ರಣಹದ್ದು ಭಾರತದಾಗ ನೂರಕ್ಕ ತೊಂಬತ್ತೊಂಬತ್ತು ನಾಶ ಆದುವು, 2006ರಾಗ ದನಕ್ಕ ಆ ಔಷಧ ಕೊಡೂದು ಬಂದ್ ಮಾಡಿದ್ರು. ಹದ್ದು ಬಿಟ್ಟ ಜಾಗಾಕ್ಕ ನಾಯಿ ಬಂದುವು. ಸಂಜಿಮುಂದ ಮಗಳು ಟ್ಯೂಷನ್‌ಗೆ ಹೋಗಬೇಕಂದ್ರ ಓಣ್ಯಾಗ ನಾ ಬಡಗಿ ಹಿಡಕೊಂಡು ಹೊಂಡತೇನಿ ನೋಡ್ರಿ, ಅದಕ್ಕ ಕಾರಣದಾಗ ಎಮ್ಮಿ ಡಾಕ್ಟರನ ಸೂಜೀನೂ ಒಂದು. ಇದನ್ನ ಮಾಡೆಲ್ ಮಾಡೂನು ಅಂದೆ. ಸತ್ತ ದನಾ ಇಟ್ರ ಪ್ರೈಜ್ ಬರಂಗಿಲ್ಲ ಪಪ್ಪಾ ಅಂದ್ಲು. ಅಕಿ ನನಗಿಂತ ಚೊಲೋ ಕಲ್ತಾಳ ವ್ಯವಸ್ಥಾನ.

ರಾತ್ರಿ ಹನ್ನೊಂದಕ್ಕ ಗ್ಲೂ ಖಾಲಿ ಆತು. ಹೆಂಡ್ತಿ ಬೈಕೋತ ಬೈಕೋತ ಎದ್ದು ಮೈದಾ ಹಿಟ್ಟು ಕುದಿಸಿ ಖಳಿ ಮಾಡಿಕೊಟ್ಲು, ಹಸರ ಹೊಟ್ಟು ಅದರಾಗ ಅಂಟಿಸಿದ್ವಿ, ಸಿಂಹಾನ ನಡುವ ನಿಲ್ಲಿಸಿದ್ವಿ, ಪೆಂಗ್ವಿನ್ ನದಿ ದಂಡಿಗೆ. ಬೆಳಿಗ್ಗೆದ್ದು ಆಟೋದಾಗ ತೊಡಿ ಮ್ಯಾಲ ಇಟ್ಟುಕೊಂಡು ಹೋಗಿ ಮುಟ್ಟಿಸಿ ಬಂದೆ.

ಮಧ್ಯಾಹ್ನ ನೋಡಾಕ ಹೋದ್ರ ನಮ್ಮ ಟೇಬಲ್ ಮುಂದ ಹುಡುಗ್ರ ಗದ್ಲ. ಬಾಜೂಕಿನ ಇಪ್ಪತ್ತು ಕಾಡಿನ ಕಡೆ ಒಬ್ಬರೂ ಇಲ್ಲ. ಏನಂತ ಬಗ್ಗಿ ನೋಡಿದ್ರ ಮೈದಾ ಖಳಿ ವಾಸನಿಗೆ ಕೆಂಪಿರುವಿ ಗ್ವಾಡಿ ಮ್ಯಾಲಿಂದ ಸಾಲಹಚ್ಚಿ ಇಳಿದು ಬಂದು ಸಿಂಹದ ಕಾಲ ಬುಡಕ ಮೆಯ್ಯಾಕತ್ತಿದ್ದುವು. ಗ್ವಾಡಿ ಮ್ಯಾಲ ಒಂದು ಹಲ್ಲಿ ಕುಂತಿತ್ತು, ಬಾಲಾ ಅಷ್ಟ ಅಲ್ಲಾಡ್ತಿತ್ತು, ಗಬಕ್ಕನ ಬಾಯಿ ಹಾಕಿ ಒಂದು ಇರುವಿ ತಿಂತು, ಹುಡುಗ್ರು ಓ ಅಂದ್ರು, ಇನ್ನೊಂದು ತಿಂತು. ನಮ್ಮ ಹುಡುಗಿ ಮುಖ ನೋಡಬೇಕಿತ್ತು ನೀವು, "ಹಿಟ್ಟು, ಇರುವಿ, ಹಲ್ಲಿ, ಈಗ ಬೆಕ್ಕು ಬರ್ತೈತಿ ನೋಡ್ರಲೇ" ಅಂತ ಕೈ ಮಾಡಿ ತೋರಿಸಿ ತೋರಿಸಿ ಹೇಳಾಕತ್ತಿದ್ಲು.

ಮೇಡಂ ಓಡಿ ಬಂದ್ರು. "ಅಯ್ಯ, ಜಡ್ಜಸ್ ಬರ್ತಾರ, ಇದೇನಿದು ಹೊಲಸು!" ಅಂತ ಸಿಪಾಯಿಗೆ ಹೇಳಿ ಸ್ಪ್ರೇ ತರಿಸಿ ಹೊಡಿಸಿದ್ರು. ಇರುವಿ ಎಲ್ಲಾ ನೀಲಿ ನದ್ಯಾಗ ಉರುಳಿದುವು, ಹಲ್ಲಿ ಟ್ಯೂಬ್‌ಲೈಟ್ ಹಿಂದ ಸೇರಿಕೊಂಡ್ತು. ಜಡ್ಜಸ್ ಬಂದಾಗ ಸಿಂಹ ಒಂದೀಟು ವಾಲಿತ್ತು, ಪೆಂಗ್ವಿನ್ ಮಾತ್ರ ಸೆಟದ ನಿಂತಿದ್ದುವು. ಎರಡನೇ ಪ್ರೈಜ್ ಬಂತು.