ಪರ–ವಿರೋಧ: ಚಕ್ರವರ್ತಿಗಳ ಕಾಲದ ಚೀನಾದಲ್ಲಿ ಹೆಣ್ಣಿನ ಸ್ಥಾನ ಇಳಿಯುತ್ತಲೇ ಬಂದಿತೆ?

ಪರ: ಹೌದು, ಇಳಿಸಲಾಯಿತು

ಟಾಂಗ್ ಅರಸರ ಕಾಲದ (618–907) ಗೋರಿಗಳಲ್ಲಿ ಸಿಕ್ಕಿರುವ ಮಣ್ಣಿನ ಬೊಂಬೆಗಳಲ್ಲಿ ಹೆಂಗಸರು ಕುದುರೆಯೇರಿ ಪೋಲೊ ಆಡುತ್ತಾರೆ. ಅದೇ ಕಾಲದ ವೂ ಜೆಟಿಯಾನ್ 690ರಲ್ಲಿ ಸಿಂಹಾಸನವೇರಿ 705ರವರೆಗೆ ಆಳಿದಳು. ಚಕ್ರವರ್ತಿಯೆಂಬ ಬಿರುದನ್ನು ತನ್ನ ಹೆಸರಿಗೇ ಧರಿಸಿ ಚೀನಾವನ್ನು ಆಳಿದ ಹೆಣ್ಣು ಅವಳೊಬ್ಬಳೇ. ಕುದುರೆಯೇರಿದ್ದವರ ವಂಶದಲ್ಲಿ ಮುಂದೆ ಹುಟ್ಟಿದ ಹೆಣ್ಣುಮಕ್ಕಳು ಅಂಗಳ ದಾಟುವುದಕ್ಕೂ ಗೋಡೆ ಹಿಡಿಯಬೇಕಾಯಿತು. ಇದನ್ನು ಇಳಿತ ಎನ್ನದೆ ಏನೆನ್ನಬೇಕು?

ಈ ಇಳಿತ ತಾನಾಗಿ ಆದದ್ದಲ್ಲ, ಅದರ ಹಿಂದೆ ಕಾನೂನಿನ ಕೈಯಿದೆ. ಸಾಂಗ್ ಕಾಲದಲ್ಲಿ (960–1279) ಅನುಕೂಲಸ್ಥರ ಮನೆಯ ಮಗಳು ಬಳುವಳಿಯಾಗಿ ಹೊಲವನ್ನೂ ತರುತ್ತಿದ್ದಳು; ವಿಧವೆಯಾಗಿ ಮತ್ತೆ ಮದುವೆಯಾದರೆ ಅದನ್ನು ತನ್ನೊಡನೆ ಒಯ್ಯಬಹುದಿತ್ತು. ಆಮೇಲೆ ಬಂದ ಮಂಗೋಲರ ಯುವಾನ್ ಆಡಳಿತ ಆ ಹಕ್ಕನ್ನು ಕಿತ್ತುಕೊಂಡು ಬಳುವಳಿ ಗಂಡನ ಮನೆಗೇ ಉಳಿಯಬೇಕೆಂದಿತು. ಮಿಂಗ್ (1368–1644) ಮತ್ತು ಚಿಂಗ್ (1644–1912) ಅರಸರು ಅದನ್ನೇ ಮುಂದುವರಿಸಿದರು. ಮೂವತ್ತು ತುಂಬುವ ಮೊದಲೇ ವಿಧವೆಯಾಗಿ ಐವತ್ತು ದಾಟುವವರೆಗೂ ಮರುಮದುವೆಯಾಗದೆ ಉಳಿದವಳ ಮನೆಗೆ ಬಿಟ್ಟಿ ದುಡಿಮೆಯಿಂದ ವಿನಾಯಿತಿ ಎಂದು 1368ರಲ್ಲಿ ಮಿಂಗ್ ವಂಶದ ಮೊದಲ ದೊರೆ ಆಜ್ಞೆ ಹೊರಡಿಸಿದ. ಹೀಗೆ ವಿಧವೆಯ ಒಂಟಿತನ ಅತ್ತೆಮನೆಯ ಆದಾಯವಾಯಿತು. ಅವಳು ಮದುವೆಯಾದರೆ ಬಳುವಳಿ ಅವರದು, ಆಗದಿದ್ದರೆ ವಿನಾಯಿತಿ ಅವರದು. ಚಿಂಗ್ ಕಾಲದಲ್ಲಿ ಅಂಥವಳ ಹೆಸರಿನಲ್ಲಿ ಕಲ್ಲಿನ ಕಮಾನು ಕಟ್ಟಿಸಲು ಸರ್ಕಾರವೇ 30 ತೇಲ್ (ಹಳೆಯ ಚೀನೀ ತೂಕದ ಅಳತೆ) ಬೆಳ್ಳಿ ಕೊಡುತ್ತಿತ್ತು. ಬದುಕಿದ್ದಾಗ ಹಕ್ಕು ಕೊಡದವರು ಕಲ್ಲು ಕೊಟ್ಟರು.

ಇನ್ನು ಪಾದ ಕಟ್ಟುವುದು. ಕೆಲವು ವರ್ಷಗಳ ಹಿಂದೆ ಸಿಂಗಪುರದ ಒಂದು ವಸ್ತುಸಂಗ್ರಹಾಲಯದಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಕೆಂಪು ರೇಷ್ಮೆಯ ಮೇಲೆ ಕಸೂತಿ ಹಾಕಿದ ಒಂದು ಜೊತೆ ಪಾದರಕ್ಷೆಗಳನ್ನು ನೋಡಿದೆ. ನನ್ನ ಜೊತೆ ಆರು ವರ್ಷದ ಮಗಳಿದ್ದಳು. ಗೊಂಬೆಯದೆಂದು ತಿಳಿದ ಅವಳು ಅದರ ಅಳತೆಗೆ ತನ್ನ ಅಂಗೈಯನ್ನು ಗಾಜಿಗೆ ಒತ್ತಿ ಹಿಡಿದಳು; ಹೆಚ್ಚುಕಡಿಮೆ ಸರಿಹೊಂದಿತು. "ಇದು ಯಾರದಮ್ಮಾ?" ಎಂದು ಕೇಳಿದಳು. ನಿನ್ನ ವಯಸ್ಸಿನ ಹುಡುಗಿಯರ ಹೆಬ್ಬೆರಳೊಂದನ್ನು ಬಿಟ್ಟು ಉಳಿದ ನಾಲ್ಕು ಬೆರಳುಗಳನ್ನು ಅಂಗಾಲಿನಡಿಗೆ ಮಡಚಿ, ಪಟ್ಟಿ ಬಿಗಿದು, ಮೂಳೆ ಬಾಗಿಸುತ್ತಿದ್ದರು, ಬಿಗಿಯುತ್ತಿದ್ದವಳು ಸಾಮಾನ್ಯವಾಗಿ ತಾಯಿಯೇ, ಎಂದು ನಾನು ಹೇಳಲಿಲ್ಲ. ಹೇಳಲಾಗಲಿಲ್ಲ. ಬಸ್ಸಿನಲ್ಲಿ ಮರಳುವಾಗ ಅವಳು ಚಪ್ಪಲಿ ಬಿಚ್ಚಿ, ಕಾಲು ಮೇಲಿಟ್ಟುಕೊಂಡು ನಿದ್ದೆಹೋದಳು. ನಾನು ದಾರಿಯುದ್ದಕ್ಕೂ ಆ ಪಾದಗಳನ್ನು ಹಿಡಿದುಕೊಂಡೇ ಕುಳಿತಿದ್ದೆ. ಟಾಂಗ್ ಕಾಲದ ಹೆಣ್ಣಿಗೆ ಈ ನೋವು ಗೊತ್ತಿರಲಿಲ್ಲ. ಚಿಂಗ್ ಕಾಲಕ್ಕೆ ಅದು ಬಡ ರೈತರ ಮನೆಗಳಿಗೂ ಇಳಿದಿತ್ತು. 1664ರಲ್ಲಿ ಹಾಕಿದ ನಿಷೇಧವನ್ನು ಆಸ್ಥಾನ 1668ರಲ್ಲಿ ತಾನೇ ಹಿಂತೆಗೆದುಕೊಂಡಿತು.

ಆ ಕಾಲದಲ್ಲಿ ಹೆಂಗಸರು ಕವಿತೆ ಬರೆದರಲ್ಲ ಎಂದು ಎದುರು ಪಕ್ಷದವರು ಹೇಳುತ್ತಾರೆ. ನಡೆಯಲಾಗದವಳು ಕೂತಲ್ಲೇ ಪದ್ಯ ಹೊಸೆದಳೆಂದು ಅವಳ ಸ್ಥಾನ ಏರಿತೆನ್ನುವ ವಾದವನ್ನು ನಾನು ಒಪ್ಪಲಾರೆ.

ವಿರೋಧ: ಒಂದೇ ಗೆರೆಯ ಕಥೆಯಲ್ಲ

ಈ ಬದಿಯನ್ನು ಸಂಪಾದಕರು ನನಗೆ ವಹಿಸಿದ್ದಾರೆ. ಪಾದ ಕಟ್ಟುವುದನ್ನು ಸಮರ್ಥಿಸುವುದು ನನ್ನಿಂದ ಆಗದ ಮಾತು, ಅದನ್ನು ಬದಿಗಿಟ್ಟೇ ಬರೆಯುತ್ತೇನೆ. ಚಿಂಗ್ ಅರಸರ ಜನಾಂಗವಾದ ಮಂಚುಗಳ ಹೆಂಗಸರು ಪಾದ ಕಟ್ಟುತ್ತಿರಲಿಲ್ಲವೆಂಬುದನ್ನು ಮಾತ್ರ ನೆನಪಿಸಬಹುದು.

ನನ್ನ ತಕರಾರಿರುವುದು ಟಾಂಗ್ ಕಾಲವನ್ನು ಸುವರ್ಣಯುಗವೆಂದು ನಂಬಿ ಅಲ್ಲಿಂದ ಎಣಿಕೆ ಆರಂಭಿಸುವುದರ ಬಗ್ಗೆ. ಪೋಲೊ ಆಡಿದವರು ಸಿರಿವಂತರ ಮನೆಯವರು. ಅದೇ ಟಾಂಗ್ ಕಾಲದ ಕಾನೂನು ಸಂಹಿತೆಯಲ್ಲಿ ಗಂಡನನ್ನು ಹೊಡೆದ ಹೆಂಡತಿಗೆ ಒಂದು ವರ್ಷದ ಕಠಿಣ ದುಡಿಮೆಯ ಶಿಕ್ಷೆಯಿತ್ತು. ಹೆಂಡತಿಯನ್ನು ಹೊಡೆದು ಗಾಯಗೊಳಿಸಿದ ಗಂಡನಿಗೆ ಬೇರೆಯವರನ್ನು ಹೊಡೆದವನಿಗಿಂತ ಎರಡು ಹಂತ ಕಡಿಮೆ ಶಿಕ್ಷೆ. ಹೆಣ್ಣು ತಗ್ಗಿ ನಡೆಯಬೇಕೆಂದು ಬೋಧಿಸಿದ ವಿದುಷಿ ಬಾನ್ ಝಾವ್, ವೂ ಜೆಟಿಯಾನ್‌ಗಿಂತ ಐನೂರಕ್ಕೂ ಹೆಚ್ಚು ವರ್ಷ ಹಿಂದಿನವಳು.

ಬೋಧನೆಯೇ ಬದುಕಾಗಿರಲಿಲ್ಲ ಎಂಬುದಕ್ಕೂ ಸಾಕ್ಷಿಯಿದೆ. ಹಸಿದು ಸಾಯುವುದು ಸಣ್ಣ ಸಂಗತಿ, ಶೀಲ ಕಳೆದುಕೊಳ್ಳುವುದು ದೊಡ್ಡ ಸಂಗತಿ ಎಂದು ವಿಧವೆಯರ ಕುರಿತು ಹೇಳಿದ ಸಾಂಗ್ ಕಾಲದ ತತ್ತ್ವಜ್ಞಾನಿ ಚೆಂಗ್ ಯಿ, ತನ್ನ ತಂದೆ ನೆಂಟರ ಪೈಕಿ ವಿಧವೆಯೊಬ್ಬಳಿಗೆ ಮರುಮದುವೆ ಮಾಡಿಸಿದ್ದನ್ನು ಮೆಚ್ಚಿಯೇ ಬರೆದ. ಅವನು ಸತ್ತು ಇಪ್ಪತ್ತೈದು ವರ್ಷಗಳಾದ ಮೇಲೆ, 1132ರಲ್ಲಿ, ಕವಯಿತ್ರಿ ಲಿ ಚಿಂಗ್‌ಝಾವ್ ಐವತ್ತರ ಅಂಚಿನಲ್ಲಿ ಮರುಮದುವೆಯಾದಳು; ಎರಡನೆಯ ಗಂಡನ ಮೇಲೆ ದೂರು ಕೊಟ್ಟು, ಅದಕ್ಕಾಗಿ ಒಂಬತ್ತು ದಿನ ಸೆರೆಯಲ್ಲಿದ್ದು, ಬೇರ್ಪಟ್ಟಳು. ಚೀನಾದ ಹಳೆಯ ಲೇಖಕಿಯರ ಪಟ್ಟಿಯಲ್ಲಿ 3,000ಕ್ಕೂ ಹೆಚ್ಚು ಮಂದಿ ಚಿಂಗ್ ಕಾಲದವರು. ಅವರ ತಾಯಂದಿರು ಮಗಳಿಗೆ ಅಕ್ಷರ ಕಲಿಸಿದ್ದರು. ಹಾಂಗ್‌ಝೌನಲ್ಲಿ ಹೆಂಗಸರದೇ ಕವಿಕೂಟವಿತ್ತು.

19ನೆಯ ಶತಮಾನದಲ್ಲಿ ಗ್ವಾಂಗ್‌ಡಾಂಗ್‌ನ ಶುಂಡೆಯಲ್ಲಿ ರೇಷ್ಮೆ ನೂಲು ತೆಗೆದು ಗಳಿಸುತ್ತಿದ್ದ ಕೆಲವು ಹೆಂಗಸರು ಮದುವೆಯಲ್ಲಿ ಮದುಮಗಳಿಗೆ ಕಟ್ಟುವ ತುರುಬನ್ನು ತಾವೇ ಕಟ್ಟಿಕೊಂಡು, ಮದುವೆಯಾಗುವುದಿಲ್ಲವೆಂದು ಪ್ರತಿಜ್ಞೆ ಮಾಡಿ, ಒಟ್ಟಾಗಿ ಬಾಳಿದರು. ಇಳಿತದ ಕಥೆಯೊಳಗೆ ಇವರು ಹಿಡಿಸುವುದಿಲ್ಲ. ಆದರೆ ಅವರಿದ್ದದ್ದು ಒಂದು ಪ್ರಾಂತ್ಯದ ಕೆಲವೇ ರೇಷ್ಮೆ ಸೀಮೆಗಳಲ್ಲಿ ಎಂಬುದನ್ನೂ ನಾನು ಹೇಳಲೇಬೇಕು.