ಮಸುಕು ಫೋಟೋ ಕಳಿಸಿ ಹೆಸರು ಹೇಳಿ ಅಂದ್ರೆ ಎಲ್ಲಿಂದ ಹೇಳೋದು?

ಸಾಕಾಗಿದೆ. ಬಳ್ಳಾರಿ ಸುತ್ತಮುತ್ತ ಹಕ್ಕಿ ನೋಡುವವರ ವಾಟ್ಸ್ಆ್ಯಪ್ ಗುಂಪಿನಲ್ಲಿ ದಿನಾ ಇದೇ ಗೋಳು. ಎಲ್ಲೋ ಹೊಲದ ಆ ಕೊನೆಯಲ್ಲಿ ಕೂತ ಹಕ್ಕಿಯನ್ನು ಮೊಬೈಲಿನಲ್ಲಿ ಜೂಮ್ ಮಾಡಿ ತೆಗೆದಿರುತ್ತಾರೆ, ಇಲ್ಲ ಅಂದ್ರೆ ಕ್ಯಾಮೆರಾದ ಹಿಂದಿನ ಪರದೆಗೇ ಮೊಬೈಲ್ ಹಿಡಿದು ಮತ್ತೊಂದು ಫೋಟೋ ಹೊಡೆದಿರುತ್ತಾರೆ, ಅದನ್ನು ಹಕ್ಕಿಯ ಮೈ ಅಂಚಿನವರೆಗೂ ಕತ್ತರಿಸಿರುತ್ತಾರೆ, ವಾಟ್ಸ್ಆ್ಯಪ್ ಅದನ್ನು ಇನ್ನಷ್ಟು ಹಿಂಡಿ ಹಾಕುತ್ತದೆ, ಕೊನೆಗೆ ನಮ್ಮ ಕೈಗೆ ಬರುವುದು ಒಂದು ಕಂದು ಮಚ್ಚೆ. ಕೆಳಗೆ ಎರಡೇ ಪದ: 'ಐಡಿ ಪ್ಲೀಸ್', ಅಂದ್ರೆ ಯಾವ ಹಕ್ಕಿ ಅಂತ ಗುರುತಿಸಿ ಹೇಳಿ. ಎಲ್ಲಿ ಕಂಡಿತು, ಯಾವಾಗ, ಏನು ಮಾಡುತ್ತಿತ್ತು, ಕೂಗಿತಾ? ಒಂದೂ ಇಲ್ಲ.

'ಇದರಲ್ಲಿ ಹೇಳೋಕೆ ಆಗಲ್ಲ ಸರ್' ಅಂತ ಬರೆದರೆ ಸಾಕು, ಮುನಿಸು ಶುರು. 'ಇಷ್ಟು ವರ್ಷದಿಂದ ನೋಡ್ತೀರಿ, ಇದೊಂದು ಗೊತ್ತಾಗಲ್ವಾ?' ಗೊತ್ತಾಗಲ್ಲ ರೀ! ಅಷ್ಟು ವರ್ಷ ನೋಡಿದ್ದಕ್ಕೇ ಹೇಳುತ್ತಿದ್ದೇನೆ, ಇದು ಹೆಸರು ಹೇಳುವ ಫೋಟೋ ಅಲ್ಲ ಅಂತ.

ಹ್ಯಾರಿಯರ್ ಅನ್ನೋ ಬೇಟೆ ಹಕ್ಕಿಗಳ ವಿಷಯವನ್ನೇ ತಗೊಳ್ಳಿ. ಚಳಿಗಾಲ ಬಂತೆಂದರೆ ಮಧ್ಯ ಏಷ್ಯಾದ ಕಡೆಯಿಂದ ನಮ್ಮ ಸಿರುಗುಪ್ಪ, ಕೊಪ್ಪಳ, ರಾಯಚೂರಿನ ಎರೆ ಹೊಲಗಳ ಮೇಲೆ ಬಂದು ತೇಲುತ್ತವೆ. ಪ್ಯಾಲಿಡ್ ಹ್ಯಾರಿಯರ್, ಮಾಂಟಗ್ಯೂ ಹ್ಯಾರಿಯರ್ ಎರಡೂ. ಗಂಡಾದರೆ ಕಷ್ಟವಿಲ್ಲ. ಮಾಂಟಗ್ಯೂ ಗಂಡಿಗೆ ರೆಕ್ಕೆಯ ಮೇಲೆ ಕಪ್ಪು ಗೆರೆ ಇರುತ್ತದೆ, ಪ್ಯಾಲಿಡ್ ಗಂಡು ಇನ್ನೂ ಬೆಳ್ಳಗೆ, ರೆಕ್ಕೆಯ ತುದಿಯಲ್ಲಿ ಮಾತ್ರ ಸಣ್ಣ ಕಪ್ಪು. ಹೆಣ್ಣು ಮತ್ತು ಎಳೆಯ ಹಕ್ಕಿಗಳದ್ದೇ ತಲೆನೋವು. ಎರಡು ಜಾತಿಯವೂ ಕಂದು, ಎರಡಕ್ಕೂ ಸೊಂಟದ ಮೇಲೆ ಬಿಳಿ ಪಟ್ಟಿ, ಬಾಲದಲ್ಲಿ ಗೆರೆ. ಮುಖ ನೋಡಬೇಕು, ಕೆನ್ನೆಯ ಕಪ್ಪಿನ ಹಿಂದೆ ಕತ್ತಿನ ಸುತ್ತ ತಿಳಿ ಬಣ್ಣದ ಪಟ್ಟಿ ಎದ್ದು ಕಾಣುತ್ತದಾ ಅಂತ ನೋಡಬೇಕು, ರೆಕ್ಕೆಯ ಕೆಳಗಿನ ಗೆರೆಗಳು ಹೇಗಿವೆ ನೋಡಬೇಕು. ಇಷ್ಟೆಲ್ಲ ನೋಡಿದ ಮೇಲೂ ಪಳಗಿದವರೇ ಎಷ್ಟೋ ಸಲ ಸುಮ್ಮನಾಗುತ್ತಾರೆ. ನೀವು ಕಳಿಸಿದ ಫೋಟೋದಲ್ಲಿ ಆಕಾಶ ಬೆಳ್ಳಗೆ, ಹಕ್ಕಿ ಕಪ್ಪು ನೆರಳು. ಮುಖ ಎಲ್ಲಿ, ಕತ್ತು ಎಲ್ಲಿ?

ಅಷ್ಟರಲ್ಲಿ ಯಾರೋ ಒಬ್ಬರು ಅದನ್ನು ಹಕ್ಕಿ ಗುರುತಿಸುವ ಆ್ಯಪ್‌ಗೆ ಹಾಕಿ 'ಪ್ಯಾಲಿಡ್ ಬಂತು' ಅಂತಾರೆ. ಹತ್ತು ಜನ ಚಪ್ಪಾಳೆಯ ಚಿತ್ರ ಹಾಕುತ್ತಾರೆ. ಮುಗೀತು. ಸಂಜೆಗೆ ಅದು ಇ-ಬರ್ಡ್ ಪಟ್ಟಿಯಲ್ಲಿ, ಅಂದ್ರೆ ಜನ ತಾವು ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣದಲ್ಲಿ. ಆ್ಯಪ್ ಮಾಡುವುದು ಊಹೆ. ಈ ಜಾಗದಲ್ಲಿ, ಈ ತಿಂಗಳಲ್ಲಿ ಇದಿರಬಹುದು ಅಂತ ನಾಲ್ಕು ಹೆಸರು ಮುಂದಿಡುತ್ತದೆ, ತೀರ್ಪು ಕೊಡುವುದಿಲ್ಲ. ಪ್ಯಾಲಿಡ್ ಹ್ಯಾರಿಯರ್ ಜಗತ್ತಿನಲ್ಲಿ ಅಪಾಯದ ಅಂಚಿಗೆ ಬಂದಿರುವ ಹಕ್ಕಿ ಸ್ವಾಮಿ. ಇಲ್ಲದ ಕಡೆ ಇದೆ ಅಂತ ಬರೆದರೆ ನಾಳೆ ಆ ದಾಖಲೆ ನೋಡಿ ಲೆಕ್ಕ ಹಾಕುವವರು ಏನಂತ ನಂಬಬೇಕು? ಇ-ಬರ್ಡ್‌ನಲ್ಲೇ 'ಪ್ಯಾಲಿಡ್ ಅಥವಾ ಮಾಂಟಗ್ಯೂ' ಅಂತ ಬರೆಯಲು ದಾರಿ ಇದೆ, ಬರೀ 'ಹ್ಯಾರಿಯರ್' ಅಂತಲೂ ಬರೆಯಬಹುದು. ಹಾಗೆ ಬರೆದರೆ ಮರ್ಯಾದೆ ಹೋಗುತ್ತದಾ? ಅದೇ ನಿಜವಾದ ದಾಖಲೆ.

ಪಿಪಿಟ್ ಅನ್ನೋ ನೆಲದ ಸಣ್ಣ ಹಕ್ಕಿಗಳ ಬಗ್ಗೆ ಕೇಳಲೇಬೇಡಿ. ಹೆಂಟೆಯ ಮೇಲೆ ಕೂತ ಕಂದು ಹಕ್ಕಿ, ಎದೆಯ ಮೇಲೆ ಗೆರೆ, ಕಾಲು ಕತ್ತರಿಸಿ ಹೋಗಿದೆ. ಗದ್ದೆ ಪಿಪಿಟ್ಟೋ, ಬ್ಲಿತ್ಸ್ ಪಿಪಿಟ್ಟೋ, ರಿಚರ್ಡ್ಸೋ? ಹಿಂಬೆರಳಿನ ಉಗುರು ಎಷ್ಟು ಉದ್ದ ಅಂತ ನೋಡುವ ಹಕ್ಕಿಗೆ ಕಾಲೇ ಇಲ್ಲದ ಫೋಟೋ! ಇವುಗಳ ಕೂಗು ಕೇಳಿದ್ದರೆ ಅರ್ಧ ಕೆಲಸ ಮುಗಿಯುತ್ತಿತ್ತು. ಅದನ್ನು ಯಾರೂ ಕೇಳಿಸಿಕೊಂಡಿರುವುದಿಲ್ಲ, ಎಲ್ಲರ ಗಮನ ಶಟರ್ ಮೇಲೆ.

ನಮ್ಮ ಬಿಸಿಲು ಬೇರೆ. ಬೆಳಿಗ್ಗೆ ಹತ್ತು ದಾಟಿದರೆ ಕರಿಮಣ್ಣಿನ ಮೇಲೆ ಝಳ ಕುಣಿಯುತ್ತದೆ. ಆಮೇಲೆ ಲಕ್ಷಾಂತರ ರೂಪಾಯಿಯ ಲೆನ್ಸ್ ಹಾಕಿದರೂ ದೂರದ ಹಕ್ಕಿ ನೀರೊಳಗೆ ಅಲುಗಾಡಿದಂತೆಯೇ ಬರುತ್ತದೆ. ಸಂಜೆ ಬೆಳಕಿನಲ್ಲಿ ಬೂದು ಹಕ್ಕಿಯೂ ಕೆಂಪಗೆ ಕಾಣುತ್ತದೆ. ಇದು ಫೋಟೋ ತೆಗೆದವರ ತಪ್ಪಲ್ಲ, ಅದಕ್ಕೆ ನಾನು ಬೈಯುತ್ತಿಲ್ಲ. ಆ ಫೋಟೋದಿಂದ ಬಣ್ಣ ಓದಿ ಜಾತಿ ಹೇಳುತ್ತೀರಲ್ಲ, ಅದಕ್ಕೆ ಸಿಟ್ಟು.

ಇನ್ನೊಂದು ಹೇಳಲೇಬೇಕು, ಇದಂತೂ ಹೊಟ್ಟೆ ಉರಿಸಿದ್ದು. ಸಿರುಗುಪ್ಪ ಕಡೆ ಎರೆಭೂತ, ಅಂದ್ರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಅನ್ನೋ ದೊಡ್ಡ ಹಕ್ಕಿ ಇರುವುದು ಎಲ್ಲರಿಗೂ ಗೊತ್ತು. ರಾಜ್ಯದಲ್ಲಿ ಉಳಿದಿರುವುದೇ ಬೆರಳೆಣಿಕೆ. ಕಳೆದ ಚಳಿಗಾಲ ಜೋಳದ ಹೊಲದಲ್ಲಿ ಕತ್ತೆತ್ತಿ ನಿಂತ ಹಕ್ಕಿಯ ಒಂದು ಮಸುಕು ಫೋಟೋ ಬಂತು, ಜಾಗದ ಹೆಸರಿನ ಸಮೇತ, 'ಎರೆಭೂತ ಸಿಕ್ತು' ಅಂತ. ದೊಡ್ಡದು ಮಾಡಿ ನೋಡಿದರೆ ನೆತ್ತಿಯ ಮೇಲೆ ಜುಟ್ಟು ನೆಟ್ಟಗೆ ನಿಂತಿದೆ. ಹೆಣ್ಣು ನವಿಲು! ಹೇಳಿದೆ, ಯಾರೂ ಕೇಳಲಿಲ್ಲ. ಮರುದಿನ ಬೈಕು, ಕಾರು ಹೊಲದ ಬದುವಿನವರೆಗೂ ಹೋಗಿದ್ದವು, ಹೊಲದ ಯಜಮಾನರು ಬೈದು ಕಳಿಸಿದರು. ಅದು ನಿಜವಾಗಿಯೂ ಎರೆಭೂತ ಆಗಿದ್ದರೆ? ಹೀಗೆ ಜಾಗ ಹಂಚಿ ಜನ ನುಗ್ಗಿದರೆ ಇರುವ ನಾಲ್ಕು ಹಕ್ಕಿಯ ಗತಿ ಏನು, ಯೋಚನೆ ಮಾಡ್ತೀರಾ?

ಫೋಟೋ ಕೆಟ್ಟದಾಗಿರಲಿ, ಕಳಿಸಿ, ಬೇಡ ಅನ್ನುವುದಿಲ್ಲ. ಆದರೆ ಕತ್ತರಿಸದೆ, ವಾಟ್ಸ್ಆ್ಯಪ್ ಹಿಂಡದ ಹಾಗೆ ಡಾಕ್ಯುಮೆಂಟ್ ಆಗಿ ಕಳಿಸಿ. ಒಂದಲ್ಲ, ತೆಗೆದದ್ದೆಲ್ಲ ಕಳಿಸಿ, ಅಲುಗಾಡಿದ್ದೂ ಸೇರಿಸಿ, ಒಂದರಲ್ಲಿ ಕಾಣದ ರೆಕ್ಕೆ ಇನ್ನೊಂದರಲ್ಲಿ ಕಾಣುತ್ತದೆ. ತಾಲ್ಲೂಕು, ತಾರೀಕು, ಹೊತ್ತು ಬರೆಯಿರಿ. ಪಕ್ಕದಲ್ಲಿ ಮೈನಾ, ಕಾಗೆ ಏನಾದರೂ ಇತ್ತಾ, ಅದಕ್ಕಿಂತ ದೊಡ್ಡದಾ ಚಿಕ್ಕದಾ ಹೇಳಿ. ಇಷ್ಟು ಕೊಟ್ಟರೆ ರಾತ್ರಿ ಹನ್ನೊಂದಾದರೂ ಕೂತು ಪುಸ್ತಕ ತೆಗೆದು ನೋಡುತ್ತೇನೆ, ಖುಷಿಯಿಂದ ನೋಡುತ್ತೇನೆ. ಬರೀ ಮಚ್ಚೆ ಕಳಿಸಿ 'ಐಡಿ ಪ್ಲೀಸ್' ಅಂದರೆ ಇನ್ನು ಮುಂದೆ ನನ್ನ ಉತ್ತರ ಒಂದೇ, ಗೊತ್ತಾಗಲ್ಲ. ಬೇಕಾದರೆ ಬೈದುಕೊಳ್ಳಿ.