ಎಂಟು ನಲವತ್ತೆರಡು ಸಾಕು ಮಾರಾಯ್ರೇ

ಇವತ್ತು ಬೆಳಿಗ್ಗೆ ಶಿರಸಿ ಹತ್ತಿರದ ಸೋಂದೆಯ ಮುಂಡಿಗೆಕೆರೆಗೆ ಹೋಗಿದ್ದೆ. ಮನೆಗೆ ಬಂದು ಎರಡು ತಾಸಾಯ್ತು. ಇನ್ನೂ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಳೆ ಸ್ವಲ್ಪ ಹೊಳವಾಗಿತ್ತು. ಕೆರೆಯೊಳಗಿನ ಮುಂಡಿಗೆ ಪೊದೆಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟಿ ಕೂತಿವೆ. ಮರಿಗಳ ಗಲಾಟೆ ದಡದವರೆಗೂ ಕೇಳುತ್ತಿತ್ತು. ಅಲ್ಲಿ ಒಬ್ಬರು ಎಂಟೊಂಬತ್ತು ವರ್ಷದ ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗನ ಕೊರಳಲ್ಲಿ ಅವನ ಎದೆಯಷ್ಟೇ ಅಗಲದ ಹೊಸ ಬೈನಾಕ್ಯುಲರ್. ಮುಂದಿನ ಗಾಜು ಕೆಂಪಗೆ ಹೊಳೆಯುತ್ತಿತ್ತು. ಮೇಲೆ ದೊಡ್ಡದಾಗಿ 10-100 ಜೂಮ್ ಅಂತ ಬರೆದಿತ್ತು.

ಹುಡುಗ ಒಂದು ಕಣ್ಣು ಮುಚ್ಚಿ ನೋಡಿದ. ಇನ್ನೊಂದು ಮುಚ್ಚಿ ನೋಡಿದ. ಚಕ್ರ ತಿರುಗಿಸಿದ. "ಅಪ್ಪಾ, ಬರೀ ಕಪ್ಪು ಕಾಣ್ತದೆ" ಅಂದ. "ನೀನು ಅಲ್ಲಾಡಿಸ್ತೀಯ, ಸರಿಯಾಗಿ ಹಿಡ್ಕೋ" ಅಂತ ಅಪ್ಪ ಗದರಿದರು. ಎರಡೇ ನಿಮಿಷ. ಹುಡುಗ ಅದನ್ನು ಕೊರಳಿಂದ ತೆಗೆದು ಕಾರಿನೊಳಗೆ ಇಟ್ಟ, ಅಪ್ಪನ ಮೊಬೈಲ್ ಕೇಳಿದ.

ಅವನು ಮೊಬೈಲ್ ಕೇಳಿದಾಗ ನನಗೆ ಹೊಟ್ಟೆ ಉರಿಯಿತು. ಹುಡುಗನ ತಪ್ಪೇನಿಲ್ಲ. ಅಪ್ಪನದೂ ಇಲ್ಲ, ಪಾಪ, ಮಗನಿಗೆ ಹಕ್ಕಿ ತೋರಿಸಬೇಕು ಅಂತ ಮಳೆಯಲ್ಲಿ ಬಂದ ಮನುಷ್ಯ. ಜಾಸ್ತಿ ಪಟ್ಟು ದೊಡ್ಡದು ಮಾಡಿದಷ್ಟೂ ಜಾಸ್ತಿ ಕಾಣುತ್ತದೆ ಅಂತ ನಂಬಿಸಿ ಮಾರುತ್ತಾರಲ್ಲ, ಅವರ ಮೇಲೆ ನನ್ನ ಸಿಟ್ಟು.

ಲೆಕ್ಕ ಬಹಳ ಸುಲಭ, ಶಾಲೆಯ ಭಾಗಾಕಾರ ಸಾಕು. ಬೈನಾಕ್ಯುಲರ್ ಮೇಲೆ 8×42 ಅಂತ ಇದ್ದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್. 42ನ್ನು 8ರಿಂದ ಭಾಗಿಸಿದರೆ 5.25. ನಿಮ್ಮ ಕಣ್ಣಿಗೆ ಬಂದು ಬೀಳುವ ಬೆಳಕಿನ ವೃತ್ತ ಅಷ್ಟು ಮಿಲಿಮೀಟರ್ ಅಗಲ ಇರುತ್ತದೆ. ಈಗ 20×50 ತೆಗೆದುಕೊಳ್ಳಿ. ಗಾಜು ದೊಡ್ಡದು, ಆದರೆ ವೃತ್ತ ಬರೀ 2.5. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ಪ್ರಾಯದವರಿಗೆ ಸುಮಾರು 7 ಮಿಲಿಮೀಟರ್‌ವರೆಗೆ ಅರಳುತ್ತದೆ, ವಯಸ್ಸಾದಂತೆ ಕಡಿಮೆಯಾಗುತ್ತದೆ. ಬಾಯಿ ತೆರೆದು ಕೂತ ಕಣ್ಣಿಗೆ ಎರಡೂವರೆ ಮಿಲಿಮೀಟರ್ ಬೆಳಕು ಹಾಕಿದರೆ ಕತ್ತಲೆ ಕಾಣದೆ ಇನ್ನೇನು ಕಾಣುತ್ತದೆ ಹೇಳಿ?

ನಾವಿರುವುದು ಎಲ್ಲಿ ಅಂತ ಒಮ್ಮೆ ಯೋಚನೆ ಮಾಡಿ. ಸಿದ್ದಾಪುರದ ಕತ್ತಲೆಕಾನಿಗೆ ಆ ಹೆಸರು ಸುಮ್ನೆ ಬಂದದ್ದಲ್ಲ. ಅಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಮರದ ಕೆಳಗೆ ಮಬ್ಬು. ಆ ಮಬ್ಬಿನಲ್ಲಿ, ಮರದ ತುದಿಯಲ್ಲಿ, ಕಪ್ಪು ಮೈಯ ಸಿಂಗಳೀಕ ಕೂತಿರುತ್ತದೆ. ಅದರ ಮುಖದ ಸುತ್ತ ಇರುವ ಬೂದು ಕೂದಲು ಕಾಣಬೇಕಾದರೆ ಬೆಳಕು ಬೇಕು. ಇಪ್ಪತ್ತು ಪಟ್ಟು ದೊಡ್ಡದು ಮಾಡಿದರೆ ಕಪ್ಪು ಇಪ್ಪತ್ತು ಪಟ್ಟು ದೊಡ್ಡದಾಗುತ್ತದೆ, ಅಷ್ಟೇ. ಜೊತೆಗೆ ನಿಮ್ಮ ಕೈನಡುಕವೂ ಇಪ್ಪತ್ತು ಪಟ್ಟು. ಹತ್ತು ಪಟ್ಟು ದಾಟಿದ ಮೇಲೆ ಬರಿಗೈಯಲ್ಲಿ ಹಿಡಿದು ನೋಡುವುದು ಕಷ್ಟ, ಸ್ಟ್ಯಾಂಡ್ ಬೇಕು. ಕಾರವಾರದ ನನ್ನ ಸ್ನೇಹಿತರೊಬ್ಬರು ದೋಣಿಯಲ್ಲಿ ಇಟ್ಟುಕೊಂಡಿರುವುದು 7×50. ಏಳೇ ಪಟ್ಟು. ಸಮುದ್ರದಲ್ಲಿ ಬದುಕುವವರಿಗೆ ಗೊತ್ತು, ಅಲೆಯ ಮೇಲೆ ಅದಕ್ಕಿಂತ ಜಾಸ್ತಿ ಹಿಡಿದರೆ ದಿಗಂತವೇ ನಿಲ್ಲುವುದಿಲ್ಲ.

ಇದನ್ನು ಇಷ್ಟು ಸಿಟ್ಟಿನಿಂದ ಹೇಳಲಿಕ್ಕೆ ಒಂದು ಕಾರಣ ಇದೆ. ಇಲ್ಲಿವರೆಗೆ ಎಲ್ಲೂ ಬರೆದಿಲ್ಲ.

ಅಪ್ಪಯ್ಯ ತೋಟಕ್ಕೆ ಇಳಿಯುವುದು ನಿಲ್ಲಿಸಿ ಜಗಲಿ ಹಿಡಿದಾಗ ಅವರಿಗೆ ಅಂತ ನಾನೇ ಹುಬ್ಬಳ್ಳಿಯಿಂದ 20×50 ತಂದಿದ್ದೆ. ಮನೆ ಎದುರಿನ ಬೆಟ್ಟದ ಬಸರಿ ಮರಕ್ಕೆ ಹಣ್ಣಿನ ಕಾಲದಲ್ಲಿ ಮಂಗಟ್ಟೆ ಹಕ್ಕಿಗಳು (ಹಾರ್ನ್‌ಬಿಲ್) ಬರುತ್ತವೆ. ಕುಲುಮೆಯ ತಿದಿ ಒತ್ತಿದ ಹಾಗೆ ರೆಕ್ಕೆ ಸಪ್ಪಳ ಕೇಳಿದ ಕೂಡಲೇ ಅಪ್ಪಯ್ಯ ತಲೆ ಎತ್ತುತ್ತಿದ್ದರು. ಅವರ ಕೈ ಆಗಲೇ ಸ್ವಲ್ಪ ನಡುಗುತ್ತಿತ್ತು. ಎರಡು ದಿನ ಪ್ರಯತ್ನ ಮಾಡಿ ವಾಪಸ್ ಕೊಟ್ಟರು. "ಬ್ಯಾಡ ತಮಾ, ಬರಿಗಣ್ಣೇ ಅಡ್ಡಿಲ್ಲೆ" ಅಂದರು. ಅವರಿಗೆ ಆಸಕ್ತಿ ಇಲ್ಲ ಅಂತ ನಾನು ತಿಳಿದುಕೊಂಡೆ. ಎರಡು ವರ್ಷ ಅದು ಕಪಾಟಿನಲ್ಲಿ ಬಿತ್ತು.

ಆಮೇಲೆ ಒಬ್ಬ ಪಕ್ಷಿಪ್ರಿಯರ ಮಾತು ಕೇಳಿ ನನಗೆ ಅಂತ 8×42 ತಂದೆ. ಒಂದು ಬೆಳಿಗ್ಗೆ ಸುಮ್ನೆ ಅಪ್ಪಯ್ಯನ ಕೈಗೆ ಕೊಟ್ಟೆ. ಮೊಣಕೈ ಎರಡನ್ನೂ ಜಗಲಿ ಕಟ್ಟೆಗೆ ಊರಿ ನೋಡಿದರು. ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಕಣ್ಣು ಕೆಂಪಿದ್ದಲಾ ತಮಾ!" ಅಂದರು. ದೊಡ್ಡ ಮಂಗಟ್ಟೆಯ ಗಂಡಿಗೆ ಕಣ್ಣು ಕೆಂಪು, ಹೆಣ್ಣಿಗೆ ಬಿಳಿ. ಎಪ್ಪತ್ತು ವರ್ಷ ಆ ಹಕ್ಕಿಯ ರೆಕ್ಕೆ ಸಪ್ಪಳ ಕೇಳುತ್ತಾ ಬದುಕಿದ ಮನುಷ್ಯ ಅದರ ಕಣ್ಣಿನ ಬಣ್ಣ ನೋಡಿದ್ದು ಅವತ್ತೇ ಮೊದಲು. ಅವರಿಗೆ ಸಿಕ್ಕಿದ್ದು ಅದೊಂದೇ ಹಣ್ಣಿನ ಕಾಲ. ಮುಂದಿನ ವರ್ಷ ಮಂಗಟ್ಟೆ ಬಂದಾಗ ಅಪ್ಪಯ್ಯ ಇರಲಿಲ್ಲ. ಆ ಎರಡು ವರ್ಷ ನನ್ನ ತಪ್ಪಿನಿಂದ ಹೋದದ್ದು. ಅಂಗಡಿಯವರು ಇಪ್ಪತ್ತು ಪಟ್ಟು ಅಂದ ಕೂಡಲೇ ನಾನು ದುಡ್ಡು ಎಣಿಸಿ ಕೊಟ್ಟಿದ್ದೆ.

ನನಗೆ ಗಾಜಿನ ವಿಷಯ ಸ್ವಲ್ಪ ಗೊತ್ತು ಅಂತ ಹೋದ ತಿಂಗಳು ಒಬ್ಬರು ಫೋನ್ ಮಾಡಿ, ಕೋವಿಗೆ ಹಾಕುವ ಸ್ಕೋಪ್ (ಗುರಿ ನೋಡುವ ದುರ್ಬೀನು) ಯಾವುದು ಒಳ್ಳೆಯದು ಅಂತ ಕೇಳಿದರು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ನಮ್ಮಲ್ಲಿ ಬೇಟೆ ಅಪರಾಧ, ತೋಟದ ಮಂಗ ಓಡಿಸುವ ಕೋವಿಗೆ ಸ್ಕೋಪ್ ಯಾಕೆ ಅಂತ ನೇರವಾಗಿ ಹೇಳಿಬಿಟ್ಟೆ. ಆದರೆ ಅಮೆರಿಕದಲ್ಲಿರುವ ನಮ್ಮ ಭಾವನ ಹತ್ತಿರ ಈ ಮಾತು ಬಂದಾಗ ಒಂದು ವಿಷಯ ತಿಳಿಯಿತು. ಅವನ ಆಫೀಸಿನವರು ಲೈಸೆನ್ಸ್ ಮಾಡಿಸಿ ಜಿಂಕೆ ಬೇಟೆಗೆ ಹೋಗುತ್ತಾರೆ. ಅಲ್ಲಿ ಬಹಳ ಜನ ರೈಫಲ್‌ಗೆ ಹಾಕಿಸುವುದು ಮಧ್ಯಮ ಬೆಲೆಯ 3-9×40. ಅಂದರೆ ಮೂರರಿಂದ ಒಂಬತ್ತು ಪಟ್ಟು. ಜಿಂಕೆ ಹೊರಗೆ ಬರುವುದು ನಸುಕಿಗೆ ಮತ್ತು ಮುಸ್ಸಂಜೆಗೆ. ಒಂಬತ್ತಕ್ಕೆ ಇಟ್ಟರೆ ಬೆಳಕಿನ ವೃತ್ತ 4.4, ಆರಕ್ಕೆ ಇಳಿಸಿದರೆ 6.7. ಅದಕ್ಕೇ ಅನುಭವಸ್ಥರು ಮಬ್ಬು ಬೆಳಕಿನಲ್ಲಿ ಪಟ್ಟು ಇಳಿಸುತ್ತಾರಂತೆ. ಒಂದೇ ಬೆಲೆಗೆ ಇಬ್ಬರು ಮಾರುತ್ತಿದ್ದು, ಒಬ್ಬ ಒಂಬತ್ತು ಪಟ್ಟು ಕೊಟ್ಟು ಇನ್ನೊಬ್ಬ ಇಪ್ಪತ್ತನಾಲ್ಕು ಕೊಟ್ಟರೆ, ಆ ಎರಡನೆಯವನು ಗಾಜಿನ ಗುಣಮಟ್ಟದಲ್ಲಿ ದುಡ್ಡು ಉಳಿಸಿರುತ್ತಾನೆ ಅಂತ ಅವರ ಮಾತು. ಬಂದೂಕಿನವರಿಗೂ ಹಕ್ಕಿಯವರಿಗೂ ಲೆಕ್ಕ ಒಂದೇ ಆಯ್ತು ಅಲ್ವಾ?

"ನಿಮಗೇನು, ಅಡಿಕೆ ಇದೆ, ಹನ್ನೆರಡು ಸಾವಿರ ಕೊಡ್ತೀರಿ. ಬಡವರ ಮಕ್ಕಳು ಎರಡು ಸಾವಿರದ್ದರಲ್ಲಿ ನೋಡಲಿ ಬಿಡಿ" ಅಂತ ಕೆಲವರು ಹೇಳಬಹುದು. ನೋಡಿದರೆ ನಾನೇ ಖುಷಿಪಡುತ್ತಿದ್ದೆ. ಆದರೆ ನೋಡುವುದೇ ಇಲ್ಲವಲ್ಲ! ಎರಡೂ ನಳಿಗೆ ಒಂದೇ ಕಡೆ ನೋಡದಿದ್ದರೆ ತಲೆನೋವು ಬರುತ್ತದೆ, ಚಿಕ್ಕ ಮಕ್ಕಳ ಎರಡು ಕಣ್ಣಿನ ಅಂತರಕ್ಕೆ ಅಷ್ಟು ದೊಡ್ಡ ನಳಿಗೆ ಕೂಡುವುದೇ ಇಲ್ಲ, ಜೂಮ್ ಹೆಚ್ಚಿಸಿದರೆ ಬೀಗದ ಕಿಂಡಿಯಲ್ಲಿ ಇಣುಕಿದ ಹಾಗೆ ಕಾಣುತ್ತದೆ, ಕೊನೆಗೆ ಮಗು ತನ್ನ ಕಣ್ಣೇ ಸರಿ ಇಲ್ಲ ಅಂದುಕೊಳ್ಳುತ್ತದೆ. ದುಡ್ಡು ಕಡಿಮೆ ಇದ್ದರೆ ಜೂಮ್ ಇಲ್ಲದ, ಹಳೆ ನಮೂನೆಯ, ಭುಜ ಅಗಲ ಇರುವ ಪೋರೋ ಪ್ರಿಸಂನದ್ದು ತೆಗೆದುಕೊಳ್ಳಿ (ಪ್ರಿಸಂ ಅಂದರೆ ಒಳಗೆ ಬೆಳಕನ್ನು ತಿರುಗಿಸುವ ಗಾಜಿನ ತುಂಡು). ಕಡಿಮೆ ಬೆಲೆಯಲ್ಲಿ ನೇರ ನಳಿಗೆಯ ರೂಫ್ ಪ್ರಿಸಂಗಿಂತ ಅದು ಚೆನ್ನಾಗಿ ತೋರಿಸುತ್ತದೆ. ಅತ್ತಿವೇರಿಯ ಹಿನ್ನೀರಿನಂಥ ಬಯಲಲ್ಲೇ ಜಾಸ್ತಿ ಓಡಾಡುವವರು 10×42 ತೆಗೆದುಕೊಂಡರೆ ನನ್ನ ಜಗಳ ಇಲ್ಲ. ಅದಕ್ಕಿಂತ ಮೇಲೆ ಬೇಡ.

ಹತ್ತರಿಂದ ಇಪ್ಪತ್ತು ಸಾವಿರ ಇಟ್ಟುಕೊಂಡಿದ್ದರೆ ನಿಕಾನ್, ಸೆಲೆಸ್ಟ್ರಾನ್, ವೋರ್ಟೆಕ್ಸ್ ಎಲ್ಲರೂ 8×42 ಮಾಡುತ್ತಾರೆ. ಹೆಸರು ಯಾವುದೇ ಇರಲಿ, ಅಂಗಡಿಯಲ್ಲಿ ಕೈಗೆ ತೆಗೆದುಕೊಂಡು ನೋಡಿ. ಕಣ್ಣಿನಿಂದ ಒಂದು ಅಡಿ ದೂರ ಹಿಡಿದು ಆಕಾಶದ ಕಡೆ ತಿರುಗಿಸಿ, ಸೂರ್ಯನ ಕಡೆ ಮಾತ್ರ ಯಾವತ್ತೂ ಬೇಡ. ಹಿಂದಿನ ಗಾಜಿನಲ್ಲಿ ಬೆಳಕಿನ ಚುಕ್ಕೆ ಪೂರ್ತಿ ದುಂಡಗೆ ಕಂಡರೆ ಪ್ರಿಸಂ ಒಳ್ಳೆಯದು, ಅದಕ್ಕೆ ಬಿಎಕೆ-4 ಅನ್ನುತ್ತಾರೆ. ಅಂಚು ಕತ್ತರಿಸಿ ಚೌಕದ ಹಾಗೆ ಮಸುಕಾಗಿದ್ದರೆ ಅಗ್ಗದ್ದು. ಟ್ಯೂಬ್‌ಲೈಟ್ ಪ್ರತಿಬಿಂಬ ಗಾಜಿನಲ್ಲಿ ಹಸಿರು ಅಥವಾ ನೇರಳೆ ಛಾಯೆಯಲ್ಲಿ ಕಂಡರೆ ಬೆಳಕು ಪೋಲಾಗದ ಹಾಗೆ ತಡೆಯುವ ಲೇಪ ಇದೆ ಅಂತ ಅರ್ಥ. ಆ ಕೆಂಪು ಗಾಜು ಚೆಂದ ಅಂತ ಮರುಳಾಗಬೇಡಿ, ಅದು ಕೆಂಪು ಬೆಳಕನ್ನು ಹೊರಗೇ ವಾಪಸ್ ಕಳಿಸುತ್ತದೆ. ಕನ್ನಡಕ ಹಾಕುವವರು ಕನ್ನಡಕ ಹಾಕಿಕೊಂಡೇ ನೋಡಿ. ಇಡೀ ವೃತ್ತ ಕಾಣದಿದ್ದರೆ ಬಿಟ್ಟುಬಿಡಿ.

ನಮ್ಮ ಮಳೆಗಾಲಕ್ಕೆ ಇನ್ನೊಂದು ಮುಖ್ಯ. ಒಳಗೆ ನೈಟ್ರೋಜನ್ ತುಂಬಿ ಸೀಲ್ ಮಾಡಿದ್ದೇ ತೆಗೆದುಕೊಳ್ಳಿ. ಅಪ್ಪಯ್ಯನಿಗೆ ತಂದ ಆ 20×50ರ ಒಳಗೆ ಈಗ ಜೇಡರ ಬಲೆಯ ಹಾಗೆ ಬೂಷ್ಟು ಹಬ್ಬಿದೆ. ಸೀಲ್ ಇದ್ದರೂ ಹೊರಗಿನ ಗಾಜಿಗೆ ಬೂಷ್ಟು ಬರುತ್ತದೆ, ಚರ್ಮದ ಚೀಲದಲ್ಲಿ ಇಟ್ಟರಂತೂ ಕೇಳಲೇಬೇಡಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ನನ್ನದು ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆಗೇ ಇರುತ್ತದೆ.

ಕೆರೆ ದಡದ ವಿಷಯ ಅರ್ಧಕ್ಕೆ ಬಿಟ್ಟೆ. ನಾನು ಆ ಹುಡುಗನ ಹತ್ತಿರ ಹೋಗಿ ನನ್ನದನ್ನು ಕೊರಳಿಗೆ ಹಾಕಿದೆ. ನಳಿಗೆ ಎರಡನ್ನೂ ಪೂರ್ತಿ ಒಳಗೆ ಮಡಚಿದೆ. ಬಲಗಣ್ಣು ಮುಚ್ಚಿಸಿ ನಡುವಿನ ಚಕ್ರದಿಂದ ಎಡಗಣ್ಣಿಗೆ ಸರಿ ಮಾಡಿದೆ, ಆಮೇಲೆ ಎಡಗಣ್ಣು ಮುಚ್ಚಿಸಿ ಬಲಗಡೆಯ ಬಳೆ ತಿರುಗಿಸಿದೆ. ಬಹಳ ಜನ ಈ ಬಳೆ ಮುಟ್ಟುವುದೇ ಇಲ್ಲ. ಹುಡುಗ ಉಸಿರು ಬಿಗಿಹಿಡಿದು ನಿಂತ. "ಅಪ್ಪಾ, ಮರಿ ಅಮ್ಮನ ಕೊಕ್ಕು ಎಳೀತಾ ಇದೆ!" ಅಂತ ಕೂಗಿದ. ಮಳೆ ಮತ್ತೆ ಶುರುವಾಗುವವರೆಗೆ ಅವನು ಅದನ್ನು ಕೊಡಲಿಲ್ಲ. ನಾನೂ ಕೇಳಲಿಲ್ಲ. ಅಪ್ಪ ನನ್ನ ನಂಬರ್ ತೆಗೆದುಕೊಂಡರು.

ಇಷ್ಟು ಬರೆಯುವಷ್ಟರಲ್ಲಿ ಅವರ ಮೆಸೇಜ್ ಬಂತು. ಆ 10-100 ಜೂಮ್‌ನದನ್ನು ವಾಪಸ್ ಕಳಿಸುತ್ತಾರಂತೆ, ಆದರೆ ಅಂಗಡಿಯವರು ಫೋನಿನಲ್ಲಿ 10-30×60 ಇದೆ, ಅದೇ ಒಳ್ಳೆಯದು ಅನ್ನುತ್ತಿದ್ದಾರಂತೆ, ತಗೊಳ್ಳಲಾ ಅಂತ ಕೇಳಿದ್ದಾರೆ. ಬೇಡ, ಕಾಯಿರಿ ಅಂತ ಬರೆದೆ. ಭಾನುವಾರ ನಾನೇ ಅವರ ಜೊತೆ ಹುಬ್ಬಳ್ಳಿಗೆ ಹೋಗುತ್ತಿದ್ದೇನೆ, ಹುಡುಗನನ್ನೂ ಕರೆದುಕೊಂಡು. ಶಿರಸಿಯಿಂದ ಏಳೂವರೆಗೆ ಹೊರಡುವುದು, ಕಾರಿನಲ್ಲಿ ಇನ್ನೂ ಇಬ್ಬರಿಗೆ ಜಾಗ ಇದೆ. ಬೈನಾಕ್ಯುಲರ್ ತೆಗೆದುಕೊಳ್ಳುವ ಯೋಚನೆ ಇದ್ದವರು ಶನಿವಾರ ರಾತ್ರಿಯೊಳಗೆ ಹೇಳಿ.